ತೊಟ್ಟಿಕ್ಕುವ ಕೊಳಾಯಿ

ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಬಚ್ಚಲುಮನೆಯಿಂದ ‘ತೊಟ್, ತೊಟ್’ ಎಂಬ ಸದ್ದು ಕೇಳಿಬರುವುದುಂಟು. ಎದ್ದುಹೋಗಿ ಕೊಳಾಯಿಯ ಹಿಡಿಯನ್ನು ಬಲವಾಗಿ ತಿರುಗಿಸಿದರೆ ಸದ್ದು ಅಡಗುತ್ತದೆ. ನಾಲ್ಕು ದಿನ ಕಳೆಯುವಷ್ಟರಲ್ಲಿ ಮತ್ತೆ ಮೊದಲಾಗುತ್ತದೆ. ನಾವು ಇನ್ನಷ್ಟು ಬಲ ಹಾಕುತ್ತೇವೆ. ಕೊನೆಗೆ ಎಷ್ಟು ಬಿಗಿದರೂ ಹನಿ ನಿಲ್ಲದು. ಬಿಗಿದಷ್ಟೂ ಕೆಡುವ ಈ ವಿಚಿತ್ರಕ್ಕೆ ಕಾರಣವೇನು?

ಸುತ್ತಿ ತೆರೆಯುವ ಹಿತ್ತಾಳೆಯ ಕೊಳಾಯಿಯ ಒಳಗೆ ಒಂದು ಅಡ್ಡಗೋಡೆಯಿದೆ. ಅದರ ನಡುವೆ ದುಂಡನೆಯ ರಂಧ್ರ. ಈ ರಂಧ್ರದ ಅಂಚೇ ‘ಪೀಠ’. ಹಿಡಿಗೆ ಸೇರಿದ ತಿರುಪಿನ ದಂಡದ ಕೆಳತುದಿಯಲ್ಲಿ ರಬ್ಬರಿನ ಒಂದು ಪುಟ್ಟ ಬಿಲ್ಲೆ, ಅಂದರೆ ವಾಷರ್, ಇರುತ್ತದೆ. ಹಿಡಿಯನ್ನು ತಿರುಗಿಸಿದಂತೆ ವಾಷರ್ ಕೆಳಗಿಳಿದು ಪೀಠದ ಮೇಲೆ ಕುಳಿತು ದಾರಿಯನ್ನು ಮುಚ್ಚುತ್ತದೆ. ಇಂಗ್ಲೆಂಡಿನ ಗೆಸ್ಟ್ ಮತ್ತು ಕ್ರೈಮ್ಸ್ ಸಂಸ್ಥೆಯವರು 1845ರಲ್ಲಿ ಹಕ್ಕುಪತ್ರ ಪಡೆದ ಈ ಏರ್ಪಾಡು ಇಂದಿಗೂ ಅಸಂಖ್ಯ ಮನೆಗಳಲ್ಲಿ ಬಳಕೆಯಲ್ಲಿದೆ.

ನೀರನ್ನು ತಡೆಯಲು ಎಷ್ಟು ಬಲ ಬೇಕು? ನೀರಿನ ಒತ್ತಡವು ತೊಟ್ಟಿಯ ಗಾತ್ರವನ್ನಲ್ಲ, ಎತ್ತರವನ್ನು ಅವಲಂಬಿಸುತ್ತದೆ. ಪ್ರತಿ 10 ಮೀಟರ್ ಎತ್ತರಕ್ಕೆ ಒಂದು ಚದರ ಸೆಂಟಿಮೀಟರಿನ ಮೇಲೆ 1 ಕಿಲೋಗ್ರಾಂ ಭಾರದಷ್ಟು ಒತ್ತಡ ಬೀಳುತ್ತದೆ. ತೊಟ್ಟಿಯು ಕೊಳಾಯಿಗಿಂತ 6 ಮೀಟರ್ ಮೇಲಿದ್ದು, ರಂಧ್ರದ ವಿಸ್ತೀರ್ಣ 1 ಚದರ ಸೆಂಟಿಮೀಟರ್ ಎಂದುಕೊಳ್ಳೋಣ. ಆಗ ನೀರು ವಾಷರನ್ನು ಎತ್ತುವ ಬಲ ಕೇವಲ 600 ಗ್ರಾಂ ಭಾರದಷ್ಟು! ಅದನ್ನು ತಡೆಯಲು ಮಗುವಿನ ಕೈಯೇ ಸಾಕು. ಏಕೆಂದರೆ ತಿರುಪು ನಮ್ಮ ಬಲವನ್ನು ಅನೇಕ ಪಟ್ಟು ಹೆಚ್ಚಿಸುತ್ತದೆ: ಹಿಡಿ ಪೂರ್ಣ ಒಂದು ಸುತ್ತು ತಿರುಗಿದಾಗ ವಾಷರ್ ಇಳಿಯುವುದು ಕೆಲವೇ ಮಿಲಿಮೀಟರ್.

ಇಲ್ಲಿಯೇ ಕೇಡಿನ ಮೂಲವೂ ಇದೆ. ಬಹುಕಾಲ ಬಳಸಿದ ರಬ್ಬರು ಗಡುಸಾಗಿ ತನ್ನ ಸ್ಥಿತಿಸ್ಥಾಪಕ ಗುಣವನ್ನು ಕಳೆದುಕೊಳ್ಳುತ್ತದೆ. ನಾವು ಬಲವಾಗಿ ಬಿಗಿದಾಗ ಪೀಠದ ಅಂಚು ಅದರೊಳಕ್ಕೆ ಕೊರೆದು, ಅಲ್ಲಲ್ಲಿ ಬಿರುಕು ಮೂಡುತ್ತದೆ. ಆ ಬಿರುಕೇ ನೀರಿಗೆ ದಾರಿ. ಸತತವಾಗಿ ನುಸುಳುವ ನೀರು ಹಿತ್ತಾಳೆಯ ಪೀಠವನ್ನೂ ಸವೆಸಬಲ್ಲುದು. ಆದುದರಿಂದ ಹನಿ ಕಂಡಾಗ ಬಿಗಿಯುವುದು ಪರಿಹಾರವಲ್ಲ, ವಾಷರನ್ನು ಬದಲಿಸುವುದೇ ಪರಿಹಾರ.

ಈ ಕೆಲಸವನ್ನು ಹಿರಿಯರ ಅನುಮತಿ ಪಡೆದು ನೀವೇ ಮಾಡಬಹುದು. ಮೊದಲು ತೊಟ್ಟಿಯಿಂದ ಬರುವ ನೀರನ್ನು ಕವಾಟದಲ್ಲಿ ನಿಲ್ಲಿಸಿರಿ. ಬಿಸಿನೀರಿನ ಕೊಳಾಯಿಯಾದರೆ ಗೀಸರಿನ ವಿದ್ಯುತ್ತನ್ನೂ ನಿಲ್ಲಿಸಿ, ನೀರು ಆರಲು ಬಿಡಿರಿ. ಕೊಳಾಯಿಯನ್ನು ತೆರೆದು ಉಳಿದ ನೀರನ್ನು ಹರಿಯಬಿಡಿರಿ. ಒಂದು ಕೈಯಿಂದ ಕೊಳಾಯಿಯನ್ನು ಅಲುಗದಂತೆ ಹಿಡಿದು, ಸ್ಪ್ಯಾನರಿನಿಂದ ಮೇಲ್ಭಾಗದ ದೊಡ್ಡ ನಟ್ಟನ್ನು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸಿರಿ. ದಂಡವು ಹೊರಬಂದೊಡನೆ ಹಳೆಯ ವಾಷರನ್ನು ತೆಗೆದು, ಅದೇ ಅಳತೆಯ ಹೊಸದನ್ನು ಕೂರಿಸಿರಿ. ಪೀಠವನ್ನು ಬಟ್ಟೆಯಿಂದ ಒರೆಸಿ, ಬೆರಳಿನಿಂದ ಮುಟ್ಟಿ ನೋಡಿರಿ. ಅದು ನುಣುಪಾಗಿದ್ದರೆ ಸರಿ. ಗೀರು ಬಿದ್ದಿದ್ದರೆ ಹೊಸ ವಾಷರೂ ನಿಲ್ಲದು, ಪೀಠವನ್ನು ಉಜ್ಜಿ ಸಮಮಾಡಿಸಬೇಕು. ಎಲ್ಲವನ್ನೂ ಮೊದಲಿನಂತೆ ಜೋಡಿಸಿ, ಕವಾಟವನ್ನು ನಿಧಾನವಾಗಿ ತೆರೆಯಿರಿ. ಕಾಲು ಸುತ್ತಿಗೇ ತೆರೆದುಕೊಳ್ಳುವ ಈಚಿನ ಕೊಳಾಯಿಗಳಲ್ಲಿ ಮಾತ್ರ ಈ ರಬ್ಬರಿನ ಬಿಲ್ಲೆಗೆ ಬದಲಾಗಿ ಸೆರಾಮಿಕ್ ಬಿಲ್ಲೆಗಳಿರುತ್ತವೆ. ಅವು ಸೋರಿದರೆ ಒಳಗಿನ ಭಾಗವನ್ನು ಇಡಿಯಾಗಿ ಬದಲಿಸಬೇಕಾಗುತ್ತದೆ.

ಒಂದು ಹನಿಗೆ ಇಷ್ಟೊಂದು ಶ್ರಮವೇಕೆ ಎನ್ನುವಿರಾ? ಅಳತೆಯ ಗಾಜಿನಲ್ಲಿ 100 ಹನಿಗಳನ್ನು ಹಿಡಿದು ನೋಡಿರಿ. ಅವು 15 ಮಿಲಿಲೀಟರ್ ಆದುವೆಂದು ಭಾವಿಸೋಣ. ಸೆಕೆಂಡಿಗೆ ಒಂದು ಹನಿಯಂತೆ ಬಿದ್ದರೆ ದಿನಕ್ಕೆ 86,400 ಹನಿಗಳು, ಅಂದರೆ ಸುಮಾರು 13 ಲೀಟರ್. ವರ್ಷಕ್ಕೆ 4,700 ಲೀಟರಿಗೂ ಮಿಕ್ಕಿದ ನೀರು! ಹನಿಗೂಡಿದರೆ ಹಳ್ಳವೆಂಬ ಗಾದೆ ಸುಳ್ಳಲ್ಲ.

ಆ ನೀರು ಎಲ್ಲಿಂದ ಬಂದಿತೆಂಬುದನ್ನೂ ಎಣಿಸಬೇಕು. ಬೆಂಗಳೂರಿಗೆ 1974ರಿಂದ ಬರುತ್ತಿರುವ ಕಾವೇರಿಯ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರವನ್ನು ಪಂಪುಗಳ ಬಲದಿಂದ ಏರಿ ಬರುತ್ತದೆ. ಒಂದು ಲೀಟರ್ ನೀರನ್ನು ಅಷ್ಟು ಎತ್ತರಕ್ಕೆ ಏರಿಸಲು ಕನಿಷ್ಠ 4,900 ಜೂಲ್ ಕೆಲಸ ನಡೆಯಬೇಕು. 50 ಕಿಲೋಗ್ರಾಂ ತೂಕದ ವಿದ್ಯಾರ್ಥಿಯೊಬ್ಬನು 10 ಮೀಟರ್ ಎತ್ತರದ ಮೆಟ್ಟಿಲುಗಳನ್ನು ಹತ್ತುವಾಗ ಮಾಡುವ ಕೆಲಸವೂ ಇಷ್ಟೇ. ಹಾಗಾದರೆ ನಮ್ಮ ಆ ತೊಟ್ಟಿಕ್ಕುವ ಕೊಳಾಯಿಯ ಸಲುವಾಗಿ ಅವನು ದಿನವೂ 13 ಬಾರಿ ಆ ಮೆಟ್ಟಿಲುಗಳನ್ನು ಹತ್ತಬೇಕು; ಅದೂ ಬಚ್ಚಲಿಗೆ ಹೋಗುವ ನೀರಿಗಾಗಿ! ಆ ದುಡಿಮೆಯನ್ನು ಉಳಿಸಲು ಬೇಕಾದುದು ರಬ್ಬರಿನ ಒಂದು ಬಿಲ್ಲೆ ಮತ್ತು ಅರ್ಧ ಗಂಟೆಯ ಬಿಡುವು, ಅಷ್ಟೆ.