ಮತದ ಲೆಕ್ಕಕ್ಕೆ ಎರಡನೆಯ ಸಾಕ್ಷಿ

ಹಳಗನ್ನಡ ಕಾವ್ಯಗಳನ್ನು ಅಚ್ಚಿಗೆ ಸಿದ್ಧಗೊಳಿಸಿದ ವಿದ್ವಾಂಸರು, ಸಾಧ್ಯವಾದ ಮಟ್ಟಿಗೆ, ಒಂದೇ ಓಲೆಯ ಪ್ರತಿಯನ್ನು ನಂಬಿ ಕೆಲಸಕ್ಕೆ ತೊಡಗುತ್ತಿರಲಿಲ್ಲ. ಓಲೆಗೆ ಹುಳು ಹತ್ತುವುದುಂಟು. ಲಿಪಿಕಾರನ ಕಣ್ಣು ಒಂದು ಸಾಲನ್ನು ದಾಟಿಹೋಗುವುದೂ ಉಂಟು. ಆದುದರಿಂದ ಅವರು ಬೇರೆ ಬೇರೆ ಕಡೆ ದೊರೆತ ಪ್ರತಿಗಳನ್ನು ಒಂದರೊಡನೊಂದು ಹೋಲಿಸಿ ಶುದ್ಧಪಾಠವನ್ನು ನಿರ್ಣಯಿಸುತ್ತಿದ್ದರು. ಇಂದು ನಾವು ಮನೆಯ ಚಿತ್ರಗಳನ್ನೂ ಬ್ಯಾಂಕಿನ ಲೆಕ್ಕವನ್ನೂ ಕಡೆಗೆ ನಮ್ಮ ಮತವನ್ನೂ ಯಂತ್ರದ ಮೆಮೊರಿಗೆ ಒಪ್ಪಿಸಿದ್ದೇವೆ. ಆ ಮೆಮೊರಿಯೂ ಓಲೆಯಂತೆ ತಪ್ಪಬಲ್ಲದೆ? ತಪ್ಪಿದರೆ ತಿಳಿಯುವ ಬಗೆ ಯಾವುದು? ವಿದ್ಯಾರ್ಥಿಗಳೇ, ಇದೇ ಇಂದಿನ ಪಾಠದ ವಿಷಯ.

೧. ಪೆಟ್ಟಿಗೆಯಿಂದ ಯಂತ್ರಕ್ಕೆ

ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆ 1951–52ರಲ್ಲಿ ನಡೆಯಿತು. ಆಗ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪ್ರತ್ಯೇಕ ಪೆಟ್ಟಿಗೆ. ಪೆಟ್ಟಿಗೆಯ ಮೇಲಿನ ಚಿಹ್ನೆಯನ್ನು ನೋಡಿ ಮತದಾರನು ತನ್ನ ಚೀಟಿಯನ್ನು ಅದರೊಳಗೆ ಹಾಕುತ್ತಿದ್ದನು. ಎಲ್ಲ ಅಭ್ಯರ್ಥಿಗಳ ಹೆಸರುಗಳಿರುವ ಒಂದೇ ಮತಪತ್ರದ ಮೇಲೆ ಗುರುತು ಹಾಕುವ ಪದ್ಧತಿಯು, ನಾವು ನೆಲಸಿರುವ ಈ ಕೇರಳ ರಾಜ್ಯದಲ್ಲಿ 1960ರ ಮಧ್ಯಂತರ ಚುನಾವಣೆಯ ಹೊತ್ತಿಗೆ ಪ್ರಯೋಗಕ್ಕೆ ಬಂದಿತು.

ವಿದ್ಯುನ್ಮಾನ ಮತಯಂತ್ರವೂ ಮೊದಲು ಕಾಲಿಟ್ಟದ್ದು ಕೇರಳದಲ್ಲಿಯೇ. 1982ರಲ್ಲಿ ಪರವೂರು ಕ್ಷೇತ್ರದ 50 ಮತಗಟ್ಟೆಗಳಲ್ಲಿ ಅದನ್ನು ಬಳಸಲಾಯಿತು. ಆದರೆ ಕಾನೂನಿನಲ್ಲಿ ಯಂತ್ರಕ್ಕೆ ಅವಕಾಶವೇ ಇರಲಿಲ್ಲವೆಂದು 1984ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಗಟ್ಟೆಗಳ ಮತದಾನವನ್ನು ತಳ್ಳಿಹಾಕಿ, ಕಾಗದದ ಮತಪತ್ರಗಳಿಂದ ಮರುಮತದಾನ ಮಾಡಿಸಿತು. 1988ರಲ್ಲಿ ಕಾನೂನು ತಿದ್ದುಪಡಿಯಾಯಿತು. 2004ರ ಲೋಕಸಭಾ ಚುನಾವಣೆಯಲ್ಲಿ 543 ಕ್ಷೇತ್ರಗಳಲ್ಲಿಯೂ ಯಂತ್ರವೇ ಬಂದಿತು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಮತ್ತು ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಎಂಬ ಎರಡು ಸರಕಾರಿ ಸಂಸ್ಥೆಗಳು ಇವನ್ನು ತಯಾರಿಸುತ್ತವೆ.

೨. ಎರಡು ಪ್ರಸಂಗಗಳು

ಯಂತ್ರದ ನೆನಪು ತಪ್ಪಿದರೆ ಏನಾಗುವುದೆಂಬುದಕ್ಕೆ ಹೊರದೇಶಗಳ ಎರಡು ಪ್ರಸಂಗಗಳನ್ನು ಗಮನಿಸೋಣ.

ಬೆಲ್ಜಿಯಂ ದೇಶದ ಸ್ಕಾರ್ಬೇಕ್ ಎಂಬಲ್ಲಿ 2003ರ ಮೇ 18ರಂದು ಚುನಾವಣೆ ನಡೆಯಿತು. ಎಣಿಕೆಯಲ್ಲಿ ಒಬ್ಬ ಅಭ್ಯರ್ಥಿಗೆ, ಬರಲು ಸಾಧ್ಯವಿಲ್ಲದಷ್ಟು ಮತಗಳು ಕಂಡುಬಂದವು. ಅಲ್ಲಿ ಪ್ರತಿಯೊಬ್ಬ ಮತದಾರನ ಆಯ್ಕೆಯೂ ಒಂದು ಕಾಂತೀಯ ಕಾರ್ಡಿನ ಮೇಲೆ ದಾಖಲಾಗಿ, ಆ ಕಾರ್ಡುಗಳು ಪೆಟ್ಟಿಗೆಯಲ್ಲಿ ಉಳಿದಿದ್ದವು. ಅವನ್ನು ಮತ್ತೊಮ್ಮೆ ಓದಿಸಿದಾಗ ಲೆಕ್ಕದಲ್ಲಿ ಸರಿಯಾಗಿ 4096 ಮತಗಳು ಹೆಚ್ಚಾಗಿದ್ದುದು ತಿಳಿಯಿತು.

ಗಣಿತ ಬಲ್ಲವರಿಗೆ ಈ ಸಂಖ್ಯೆಯೇ ಸುಳಿವು. ಯಂತ್ರವು ಎಲ್ಲ ಸಂಖ್ಯೆಗಳನ್ನೂ 0 ಮತ್ತು 1 ಎಂಬ ಎರಡೇ ಅಂಕಿಗಳಿಂದ ಬರೆಯುತ್ತದೆ. ಬಲದಿಂದ ಎಡಕ್ಕೆ ಸ್ಥಾನಗಳ ಬೆಲೆ 1, 2, 4, 8 ಹೀಗೆ ಇಮ್ಮಡಿಯಾಗುತ್ತ ಹೋಗಿ, ಹದಿಮೂರನೆಯ ಸ್ಥಾನದಲ್ಲಿ 4096 ಆಗುತ್ತದೆ. ಆ ಒಂದು ಸ್ಥಾನದ 0 ತಾನಾಗಿ 1 ಆಗಿಹೋಗಿದ್ದರೆ ಅಷ್ಟೇ ಮತಗಳು ಏರುತ್ತವೆ. ಪರಿಶೀಲಿಸಿದ ತಜ್ಞರೂ ಹೀಗೆಯೇ ಊಹಿಸಿದರು. ಆಕಾಶದಿಂದ ಬರುವ ವಿಶ್ವಕಿರಣವು ಇದಕ್ಕೆ ಕಾರಣವಿರಬಹುದೆಂದು ಹೇಳುವವರುಂಟು, ಅದು ಸಿದ್ಧಪಟ್ಟಿಲ್ಲ.

ಎರಡನೆಯದು ಅಮೆರಿಕದ ಉತ್ತರ ಕರೋಲಿನಾ ರಾಜ್ಯದ ಕಾರ್ಟರೆಟ್ ಕೌಂಟಿಯ ಪ್ರಸಂಗ. 2004ರ ಚುನಾವಣೆಯಲ್ಲಿ ಅಲ್ಲಿನ ಯಂತ್ರದಲ್ಲಿ 10,500 ಮತಗಳಿಗೆ ಸ್ಥಳವಿದೆಯೆಂದು ಅಧಿಕಾರಿಗಳು ತಿಳಿದಿದ್ದರು. ಇದ್ದುದು 3,005ಕ್ಕೆ ಮಾತ್ರ. ತುಂಬಿದ ಕೊಡಕ್ಕೆ ನೀರು ಹೊಯ್ದಂತೆ, ಮುಂದೆ ಬಂದವರ ಮತಗಳೆಲ್ಲ ಹೊರಚೆಲ್ಲಿದವು. ಹೀಗೆ ಕಳೆದುಹೋದ ಮತಗಳು 4,438. ರಾಜ್ಯದ ಕೃಷಿ ಕಮಿಷನರ್ ಸ್ಥಾನಕ್ಕೆ ನಡೆದ ಸ್ಪರ್ಧೆಯಲ್ಲಿ ಗೆಲುವಿನ ಅಂತರ 2,287 ಮಾತ್ರವಾಗಿದ್ದುದರಿಂದ ವಿವಾದವು ಮುಂದಿನ ವರ್ಷದವರೆಗೂ ಬೆಳೆಯಿತು. ಕಾಗದದ ದಾಖಲೆ ಒಂದೂ ಇರಲಿಲ್ಲವಾಗಿ, ಆ ಮತಗಳನ್ನು ಮರಳಿ ಪಡೆಯಲು ಯಾರಿಂದಲೂ ಆಗಲಿಲ್ಲ.

ಎರಡು ಕಡೆಯೂ ಯಂತ್ರ ತಪ್ಪಿತು. ಆದರೆ ಒಂದು ಕಡೆ ಎರಡನೆಯ ಸಾಕ್ಷಿ ಇದ್ದಿತು, ಇನ್ನೊಂದು ಕಡೆ ಇರಲಿಲ್ಲ. ಒಂದು ತಪ್ಪು ತಿದ್ದುಪಡಿಯಾಯಿತು, ಇನ್ನೊಂದು ಹಾಗೆಯೇ ಉಳಿಯಿತು. ತಪ್ಪದ ಯಂತ್ರವನ್ನು ಹುಡುಕುವುದಕ್ಕಿಂತ, ತಪ್ಪನ್ನು ತೋರಿಸಿಕೊಡುವ ಏರ್ಪಾಡನ್ನು ಮಾಡಿಕೊಳ್ಳುವುದೇ ವಿವೇಕ.

೩. ನಮ್ಮ ಕಾಗದದ ಚೀಟಿ

ನಮ್ಮ ದೇಶದಲ್ಲಿ ಈ ಎರಡನೆಯ ಸಾಕ್ಷಿಯನ್ನು ವಿವಿಪ್ಯಾಟ್ ಎಂದು ಕರೆಯುತ್ತಾರೆ. ಗುಂಡಿ ಒತ್ತಿದೊಡನೆ ಅಭ್ಯರ್ಥಿಯ ಕ್ರಮಸಂಖ್ಯೆ, ಹೆಸರು, ಚಿಹ್ನೆಗಳುಳ್ಳ ಚೀಟಿಯೊಂದು ಗಾಜಿನ ಹಿಂದೆ 7 ಸೆಕೆಂಡು ಕಾಣಿಸಿಕೊಂಡು, ಬಳಿಕ ಪೆಟ್ಟಿಗೆಯೊಳಗೆ ಬೀಳುತ್ತದೆ. 2013ರಲ್ಲಿ ನಾಗಾಲ್ಯಾಂಡಿನ ನೋಕ್ಸೆನ್ ಉಪಚುನಾವಣೆಯಲ್ಲಿ ಮೊದಲು ಬಳಸಿದ ಇದು, 2019ರ ಲೋಕಸಭಾ ಚುನಾವಣೆಯಲ್ಲಿ ಎಲ್ಲ ಮತಗಟ್ಟೆಗಳಿಗೂ ಬಂದಿತು. ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಐದು ಮತಗಟ್ಟೆಗಳ ಚೀಟಿಗಳನ್ನು ಎಣಿಸಿ ಯಂತ್ರದ ಲೆಕ್ಕದೊಡನೆ ತಾಳೆ ನೋಡಬೇಕೆಂದು ಸರ್ವೋಚ್ಚ ನ್ಯಾಯಾಲಯವು ಅದೇ ವರ್ಷ ಆದೇಶಿಸಿತು. ಎಲ್ಲ ಚೀಟಿಗಳನ್ನೂ ಎಣಿಸಬೇಕೆಂಬ ಬೇಡಿಕೆಯನ್ನು ನ್ಯಾಯಾಲಯವು 2024ರ ಏಪ್ರಿಲ್ 26ರಂದು ಒಪ್ಪಲಿಲ್ಲ.

ಅನ್ನ ಬೆಂದಿತೇ ಎಂದು ತಿಳಿಯಲು ಒಂದು ಅಗುಳು ಸಾಕಲ್ಲವೇ ಎಂದು ಕೆಲವರು ಕೇಳಬಹುದು. ಒಂದೇ ಪಾತ್ರೆಯ ಅನ್ನಕ್ಕೆ ಆ ಮಾತು ಸಲ್ಲುತ್ತದೆ. ಆದರೆ ಪ್ರತಿಯೊಂದು ಮತಯಂತ್ರವೂ ಒಂದೊಂದು ಬೇರೆ ಪಾತ್ರೆ. ಗೆಲುವಿನ ಅಂತರ ಹಿರಿದಾಗಿದ್ದರೆ ಕೆಲವೇ ಪಾತ್ರೆಗಳನ್ನು ನೋಡಿದರೆ ಸಾಕು. ಅಂತರ ಕಿರಿದಾದಂತೆ ಹೆಚ್ಚು ಪಾತ್ರೆಗಳನ್ನು ನೋಡಬೇಕು. ಅಮೆರಿಕದ ಕೊಲರಾಡೋ ರಾಜ್ಯವು 2017ರಿಂದ ಇದೇ ತತ್ತ್ವದಂತೆ ಕಾಗದದ ಮತಗಳನ್ನು ಪರೀಕ್ಷಿಸುತ್ತಿದೆ. ನಮ್ಮಲ್ಲಿಯೂ ಚೀಟಿಗಳ ಸಂಖ್ಯೆಯನ್ನು ಅಂತರಕ್ಕೆ ಅನುಸಾರವಾಗಿ ನಿಗದಿಪಡಿಸುವುದು ಉಚಿತವೆಂದು ನನ್ನ ಅಭಿಪ್ರಾಯ. ಗೆದ್ದವನಿಗಿಂತ ಸೋತವನಿಗೆ ನಂಬಿಕೆ ಹುಟ್ಟಿಸುವುದೇ ಎಣಿಕೆಯ ಮುಖ್ಯ ಉದ್ದೇಶವಲ್ಲವೇ?

೪. ಮನೆಯವರಿಗೆ ಎರಡು ಮಾತು

ಪೋಷಕ ಮಹನೀಯರೇ, ಈ ತತ್ತ್ವವು ಮನೆಗೂ ಸಲ್ಲುತ್ತದೆ. ಮಕ್ಕಳ ಎಳವೆಯ ಚಿತ್ರಗಳೆಲ್ಲ ಒಂದೇ ಮೊಬೈಲಿನಲ್ಲಿರುತ್ತವೆ. ಅದು ಬಾವಿಗೆ ಬಿದ್ದ ದಿನ ಅವೂ ಹೋದಂತೆಯೇ. ಅದೇ ಮೊಬೈಲಿನಲ್ಲಿ ಮಾಡಿಟ್ಟ ಇನ್ನೊಂದು ಪ್ರತಿಯನ್ನು ಎರಡನೆಯದೆಂದು ಎಣಿಸಬಾರದು. ಬೇರೆ ಸಾಧನದಲ್ಲಿ, ಬೇರೆ ಸ್ಥಳದಲ್ಲಿ ಇದ್ದುದೇ ನಿಜವಾದ ಎರಡನೆಯ ಪ್ರತಿ. ಅಂಕಪಟ್ಟಿ, ಜನನಪತ್ರ, ಜಮೀನಿನ ದಾಖಲೆಗಳಿಗೂ ಹೀಗೆಯೇ. ವರ್ಷಕ್ಕೊಮ್ಮೆಯಾದರೂ ಆ ಪ್ರತಿಯನ್ನು ತೆರೆದು ನೋಡಬೇಕು. ತೆರೆಯದ ಪೆಟ್ಟಿಗೆಯೊಳಗಿನ ಸಾಕ್ಷಿ ಸಾಕ್ಷಿಯಲ್ಲ.

ಅಭ್ಯಾಸ

1. ಎರಡರ ಹನ್ನೆರಡನೆಯ ಘಾತವನ್ನು ಗುಣಿಸಿ, 4096 ಬರುವುದೇ ನೋಡಿರಿ.
2. ಮುಂದಿನ ತರಗತಿ ನಾಯಕನ ಚುನಾವಣೆಯಲ್ಲಿ ಇಬ್ಬರು ಬೇರೆ ಬೇರೆಯಾಗಿ ಎಣಿಸಲಿ. ಎರಡು ಲೆಕ್ಕಗಳು ಕೂಡದಿದ್ದರೆ ಏನು ಮಾಡಬೇಕೆಂಬುದನ್ನು ಮತದಾನಕ್ಕೆ ಮುಂಚೆಯೇ ಬರೆದಿಡಿರಿ.
3. ನಿಮ್ಮ ಮನೆಯಲ್ಲಿ ಒಂದೇ ಪ್ರತಿ ಇರುವ ಮುಖ್ಯ ದಾಖಲೆಗಳು ಯಾವುವು? ಹಿರಿಯರನ್ನು ಕೇಳಿ ಪಟ್ಟಿ ಮಾಡಿರಿ.