ಇವರ ದುಡಿಮೆ, ನನ್ನ ಮುಪ್ಪು

ಅಮೆರಿಕದಲ್ಲಿ ನಿಮ್ಮದೇ ದುಡಿಮೆಯ ಮೇಲೆ ಸೋಷಿಯಲ್ ಸೆಕ್ಯುರಿಟಿ ಪಿಂಚಣಿ ಬರಬೇಕಾದರೆ 40 ಕ್ರೆಡಿಟ್ ಬೇಕು. ವರ್ಷಕ್ಕೆ ಹೆಚ್ಚೆಂದರೆ 4 ಸಿಗುತ್ತವೆ, ಅಂದರೆ ಕನಿಷ್ಠ ಹತ್ತು ವರ್ಷ ದುಡಿದಿರಬೇಕು. ನನ್ನ ಹೆಸರಿನಲ್ಲಿ ಅಷ್ಟಿಲ್ಲ. ತೊಂಬತ್ತರ ದಶಕದಲ್ಲಿ ಎಚ್-4 ವೀಸಾದ ಮೇಲೆ ಗಂಡನ ಜೊತೆ ಬಂದ ನನ್ನಂಥವರು ಕೆಲಸ ಮಾಡುವ ಹಾಗೇ ಇರಲಿಲ್ಲ. ಎಚ್-4 ವೀಸಾದವರಲ್ಲಿ ಕೆಲವರಿಗಾದರೂ ಆ ಅನುಮತಿ ಸಿಕ್ಕಿದ್ದು 2015ರಲ್ಲಿ. ಗ್ರೀನ್ ಕಾರ್ಡ್ ಬಂದಾಗ ಮಕ್ಕಳು ಚಿಕ್ಕವರು, ಊರಿಂದ ಬಂದ ಅತ್ತೆಗೆ ಆರೈಕೆ ಬೇಕಿತ್ತು. ಡೇ ಕೇರ್ ಒಂದರಲ್ಲಿ ಅರ್ಧ ದಿನದ ಕೆಲಸ ಮಾಡಿದ್ದಷ್ಟೇ ನನ್ನ ಸಂಪಾದನೆ.

ಹಾಗಾಗಿ ಇವರು ಪಿಂಚಣಿಯನ್ನು ಯಾವ ವಯಸ್ಸಿಗೆ ತೆಗೆದುಕೊಳ್ಳಬೇಕು ಎನ್ನುವುದು ಇವರೊಬ್ಬರ ವಿಚಾರವಾಗಿರಲಿಲ್ಲ.

ಲೆಕ್ಕ ಹೀಗಿದೆ. 1960 ಅಥವಾ ಆಮೇಲೆ ಹುಟ್ಟಿದವರಿಗೆ ಪೂರ್ಣ ಪಿಂಚಣಿಯ ವಯಸ್ಸು 67. ಆಗ ತಿಂಗಳಿಗೆ 2,000 ಡಾಲರ್ ಬರುವುದಿದ್ದರೆ, 62ಕ್ಕೇ ತೆಗೆದುಕೊಂಡವರಿಗೆ 1,400, 70ರವರೆಗೆ ಕಾದವರಿಗೆ 2,480. ಗಂಡನ ಲೆಕ್ಕದ ಮೇಲೆ ಹೆಂಡತಿಗೂ ಪಾಲುಂಟು. ಆಕೆ 67ಕ್ಕೆ ಶುರು ಮಾಡಿದರೆ 1,000. ಆದರೆ ಗಂಡ ಅರ್ಜಿ ಹಾಕುವ ತನಕ ಆಕೆಗೆ ಏನೂ ಬರುವುದಿಲ್ಲ, ಆತ ಕಾದನೆಂದು ಆ ಪಾಲು ಬೆಳೆಯುವುದೂ ಇಲ್ಲ. ಕಾದದ್ದರ ಫಲ ಆಕೆಗೆ ಕಾಣುವುದು ಗಂಡ ತೀರಿಕೊಂಡ ಮೇಲೆ. ಎರಡು ಮೊತ್ತಗಳಲ್ಲಿ ದೊಡ್ಡದೊಂದೇ ಉಳಿಯುತ್ತದೆ. 70ರವರೆಗೆ ಕಾದವರ ಹೆಂಡತಿಗೆ 2,480, 62ಕ್ಕೇ ತೆಗೆದುಕೊಂಡವರ ಹೆಂಡತಿಗೆ 1,650. ಒಬ್ಬಳೇ ಉಳಿದಾಗಲೂ ಮನೆಯ ತೆರಿಗೆ ಅರ್ಧವಾಗುವುದಿಲ್ಲ. ನಾವಿರುವ ನ್ಯೂಜೆರ್ಸಿಯಲ್ಲಂತೂ ಆ ತೆರಿಗೆ ಬಲು ಭಾರ.

ಇವರು 70ರವರೆಗೆ ಕಾದರು. ಆ ವರ್ಷಗಳಲ್ಲಿ 401(ಕೆ) ಉಳಿತಾಯದಿಂದ ತೆಗೆದು ತೆಗೆದು ಸಂಸಾರ ನಡೆಸಿದೆವು. ಸಂಬಳ ನಿಂತ ಮೇಲೆ ಕೂಡಿಟ್ಟದ್ದು ತಿಂಗಳು ತಿಂಗಳೂ ಕರಗುವುದನ್ನು ನೋಡಲು ಗಟ್ಟಿ ಮನಸ್ಸು ಬೇಕು. ಆರೋಗ್ಯ ಕೆಟ್ಟವರಿಗೆ, ಕೈಯಲ್ಲಿ ಉಳಿತಾಯವಿಲ್ಲದವರಿಗೆ ಕಾಯಿರಿ ಎಂದು ನಾನು ಹೇಳಲಾರೆ. ಆದರೆ ಕಾಯುವ ಶಕ್ತಿಯಿದ್ದೂ, ಸರ್ಕಾರದ ಹಣ ಆದಷ್ಟು ಬೇಗ ಕೈಸೇರಲಿ ಎಂದು 62ಕ್ಕೇ ಅರ್ಜಿ ಹಾಕುವ ಗಂಡಸರನ್ನು ನಮ್ಮ ಬಳಗದಲ್ಲೇ ನೋಡಿದ್ದೇನೆ. ಹೆಂಡತಿಯನ್ನು ಒಂದು ಮಾತೂ ಕೇಳಿರುವುದಿಲ್ಲ. ಇದು ನನಗೆ ತುಂಬ ನೋವಿನ ಸಂಗತಿ.

ಮೆಡಿಕೇರ್ ವಿಷಯದಲ್ಲಿ ನಮಗೆ ಅಷ್ಟು ಚಿಂತೆಯಿಲ್ಲ. 65 ತುಂಬಿದಾಗ ಇವರ ದುಡಿಮೆಯ ಮೇಲೆಯೇ ನನಗೂ ಆಸ್ಪತ್ರೆಯ ವಿಮೆ, ಅಂದರೆ ಪಾರ್ಟ್ ಎ, ಕಂತಿಲ್ಲದೆ ಸಿಕ್ಕಿತು. ಡಾಕ್ಟರ ಖರ್ಚಿಗಿರುವ ಪಾರ್ಟ್ ಬಿಗೆ ಮಾತ್ರ ಕಂತು ಕಟ್ಟಬೇಕು, 2025ರಲ್ಲಿ ಸಾಮಾನ್ಯವಾಗಿ ತಲೆಗೆ ತಿಂಗಳಿಗೆ 185 ಡಾಲರ್. ಬೆಂಗಳೂರಿಗೆ ಹೋದಾಗ ಈ ವಿಮೆ ಕೆಲಸಕ್ಕೆ ಬಾರದು, ಅಲ್ಲಿಗೆ ಬೇರೆಯದೇ ಮಾಡಿಸುತ್ತೇವೆ.

ಇನ್ನೊಂದು ನಿಯಮವನ್ನು ಗೆಳತಿಯರಿಗೆ ಮತ್ತೆ ಮತ್ತೆ ಹೇಳುತ್ತಿರುತ್ತೇನೆ. ಹತ್ತು ವರ್ಷ ಸಂಸಾರ ಮಾಡಿ ವಿಚ್ಛೇದನವಾದ ಹೆಂಗಸಿಗೂ, ಮರುಮದುವೆ ಆಗಿರದಿದ್ದರೆ, ಮಾಜಿ ಗಂಡನ ಲೆಕ್ಕದ ಮೇಲೆ 62ರಿಂದ ಪಿಂಚಣಿ ಕೇಳುವ ಹಕ್ಕಿದೆ. ತನ್ನ ದುಡಿಮೆಯ ಪಿಂಚಣಿ ಅದಕ್ಕಿಂತ ಕಡಿಮೆಯಿರಬೇಕು. ಆತನ ಒಪ್ಪಿಗೆ ಬೇಕಿಲ್ಲ, ಆತನಿಗೆ ಬರುವುದರಲ್ಲಿ ಒಂದು ಡಾಲರೂ ಕಡಿತವಾಗುವುದಿಲ್ಲ. ಮದುವೆಯ ಪ್ರಮಾಣಪತ್ರ, ವಿಚ್ಛೇದನದ ಆದೇಶ ಎರಡನ್ನೂ ಜೋಪಾನವಾಗಿಟ್ಟುಕೊಂಡಿರಬೇಕು.