ಮನೆಯ ಜನರೇಟರಿಗೆ ಯಾವ ಇಂಧನ?

ಬೀಗರ ಮನೆಯ ಕಾರ್ಯಕ್ಕೆಂದು ನಾವು ಗಜೇಂದ್ರಗಡಕ್ಕೆ ಹೋಗಿದ್ದೆವು. ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಕೆಳಗೆ ಮನೆಯಲ್ಲಿ ಕರೆಂಟಿರಲಿಲ್ಲ. ಗುಡ್ಡದ ವಿದ್ಯುತ್ತು ನೇರವಾಗಿ ಮನೆಗೆ ಬರದೆ ಗ್ರಿಡ್ಡಿಗೆ ಹೋಗುತ್ತದೆ; ಊರ ತಂತಿ ಹರಿದರೆ ಅಲ್ಲಿಯೂ ಕತ್ತಲೆಯೇ. "ಮನಿಗೊಂದು ಜನರೇಟರ್ ತರಬೇಕಂತ ಮಾಡೀವ್ರಿ. ಪೆಟ್ರೋಲಿಂದು ಛಲೋನೋ, ಡೀಸೆಲ್ಲಿಂದೋ?" ಎಂದು ಬೀಗರು ಕೇಳಿದರು. ರೋಣ, ನರಗುಂದಗಳಿಂದ ಬಂದಿದ್ದ ನೆಂಟರೂ ಅದನ್ನೇ ಕೇಳಿದರು. ಮಲೆನಾಡಿನ ನಮ್ಮ ಸದಸ್ಯರು ಮಳೆಗಾಲಕ್ಕೆ ಮುನ್ನ ಕೇಳುವ ಪ್ರಶ್ನೆಯೂ ಇದೇ.

ಮೊದಲು ಲೆಕ್ಕ ಹಾಕಬೇಕಾದದ್ದು ಹೊರೆಯನ್ನು. ಎರಡು ಮೂರು ಗಂಟೆಯ ದೀಪಕ್ಕೆ ಇನ್ವರ್ಟರ್ ಸಾಕು. ದಿನಗಟ್ಟಲೆ ಕರೆಂಟು ಹೋಗುವ ಕಡೆ ಜನರೇಟರ್ ಬೇಕು. ಪಂಪಿನ ಮೋಟಾರು ಚಾಲೂ ಆಗುವಾಗ ಮಾಮೂಲಿನ ಹಲವು ಪಟ್ಟು ಕರೆಂಟು ಎಳೆಯುತ್ತದೆ. ಅದಕ್ಕೆ ದೊಡ್ಡ ಯಂತ್ರವೇ ಆಗಬೇಕು.

ಪೆಟ್ರೋಲ್: ಯಂತ್ರ ಹಗುರ, ಬೆಲೆ ಕಡಿಮೆ. ದೀಪ, ಫ್ಯಾನು, ಫ್ರಿಜ್ಜಿಗಾಗಿ ವರ್ಷಕ್ಕೆ ಕೆಲವೇ ದಿನ ಓಡಿಸುವವರಿಗೆ ಯೋಗ್ಯ. ಆದರೆ ಈಗಿನ ಪೆಟ್ರೋಲಿಗೆ ಶೇ. 20ರವರೆಗೆ ಎಥನಾಲ್ ಬೆರೆಸುತ್ತಾರೆ. ಅದು ತೇವ ಹೀರುತ್ತದೆ. ನಾವೇ ಒಂದು ಮಳೆಗಾಲದ ಪೆಟ್ರೋಲನ್ನು ಮುಂದಿನ ಮಳೆಗಾಲದವರೆಗೆ ಟ್ಯಾಂಕಿನಲ್ಲಿ ಬಿಟ್ಟಿದ್ದೆವು. ಕರೆಂಟು ಹೋದ ಮೂರನೆಯ ರಾತ್ರಿ ಮನೆಯ ಹಿರಿಯರಿಗೆ ಉಬ್ಬಸ ಏರಿತು, ನೆಬ್ಯುಲೈಜರ್ ಬೇಕಾಯಿತು. ಯಂತ್ರ ಹೊರಡಲಿಲ್ಲ; ಕಾರ್ಬುರೇಟರಿನಲ್ಲಿ ಅಂಟು ಕಟ್ಟಿತ್ತು. ಸುರಿಯುವ ಮಳೆಯಲ್ಲಿ ಅವರನ್ನು ಆಸ್ಪತ್ರೆಗೆ ಒಯ್ದೆವು. ಮಳೆಗಾಲ ಮುಗಿದೊಡನೆ ಟ್ಯಾಂಕು, ಕಾರ್ಬುರೇಟರು ಬರಿದು ಮಾಡಿರಿ. ಮುಂದಿನ ಮಳೆಗೆ ಮುನ್ನ ಹೊಸ ಪೆಟ್ರೋಲು ಹಾಕಿ ಓಡಿಸಿ ನೋಡಿರಿ.

ಡೀಸೆಲ್: ಯಂತ್ರ ಭಾರ, ದುಬಾರಿ, ಆದರೆ ಲೀಟರಿಗೆ ಹೆಚ್ಚು ಯೂನಿಟ್ಟು, ಹೆಚ್ಚು ಬಾಳಿಕೆ. ಪೆಟ್ರೋಲಿನಷ್ಟು ಬೇಗ ಹೊತ್ತಿಕೊಳ್ಳದು. ಪಂಪು, ಪಲ್ಪರು ಓಡಿಸುವವರಿಗೆ ಇದೇ ಲೇಸು. ನಾಲ್ಕು ದೀಪಕ್ಕೆಂದು ಬಹಳ ಹೊತ್ತು ಓಡಿಸಿದರೆ ಮಸಿ ಕಟ್ಟುತ್ತದೆ. ಡಬ್ಬಿಯ ತಳದಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳಿರಿ.

ಗ್ಯಾಸ್: ಇಟ್ಟರೆ ಕೆಡದು. ಆದರೆ ಮನೆಯ ಅಡುಗೆಯ ಸಿಲಿಂಡರನ್ನು ಯಂತ್ರಕ್ಕೆ ಬಳಸುವಂತಿಲ್ಲ. ಸೋರಿದ ಗ್ಯಾಸು ಗಾಳಿಗಿಂತ ಭಾರವಾದ್ದರಿಂದ ತಗ್ಗಿನಲ್ಲಿ ನಿಲ್ಲುತ್ತದೆ, ಕಿಡಿ ತಗುಲಿದರೆ ಅನಾಹುತ.

1934ರ ಪೆಟ್ರೋಲಿಯಂ ಕಾಯಿದೆಯಂತೆ ಪರವಾನಗಿಯಿಲ್ಲದೆ 30 ಲೀಟರಿಗಿಂತ ಹೆಚ್ಚು ಪೆಟ್ರೋಲು ಇಡಬಾರದು. ಇಂಧನ ಯಾವುದೇ ಇರಲಿ, ಹೊಗೆಯಲ್ಲಿ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದು ಮಲಗಿದವರನ್ನು ಮಲಗಿದಲ್ಲೇ ಕೊಲ್ಲುತ್ತದೆ. ಮಳೆಯೆಂದು ಯಂತ್ರವನ್ನು ಒಳಗಿಟ್ಟು ಓಡಿಸಬೇಡಿರಿ. ಕಿಟಕಿ ಬಾಗಿಲಿನಿಂದ ದೂರ, ಬಯಲಿನಲ್ಲಿ ಸೂರು ಹಾಕಿಡಿರಿ. ಚೇಂಜ್‌ಓವರ್ ಸ್ವಿಚ್ ಇಲ್ಲದೆ ಮನೆಯ ವೈರಿಂಗಿಗೆ ಜೋಡಿಸಿದರೆ ಕರೆಂಟು ಹಿಮ್ಮುಖವಾಗಿ ಕಂಬಕ್ಕೆ ಏರಿ ಲೈನ್‌ಮನ್‌ನ ಜೀವ ತೆಗೆದೀತು.

ಕೊಳವೆಬಾವಿಯ ಪಂಪೂ ಓಡಬೇಕೆಂದ ಬೀಗರಿಗೆ ನಾವು ಡೀಸೆಲ್ ಎಂದೆವು. ದೀಪ, ಫ್ಯಾನು ಸಾಕೆಂದ ನೆಂಟರಿಗೆ ಸಣ್ಣ ಪೆಟ್ರೋಲ್ ಯಂತ್ರ ಎಂದೆವು. ತಾವೂ ಹೊರೆ ಬರೆದುಕೊಂಡು ಅಂಗಡಿಗೆ ಹೋಗಿರಿ.